ಮಂಚ ಹೋಗಿ ಬೆಂಚು ಬಂತು

ಧಾರವಾಡದ ಮಾಳಮಡ್ಡಿಯಲ್ಲಿದ್ದ ಹಿರಿಯರ ಮನೆ ಖಾಲಿ ಮಾಡುವಾಗ ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆ, ದೇವರ ಸಾಮಾನು ಎಲ್ಲದಕ್ಕೂ ಪಾಲುದಾರರಿದ್ದರು. ಫರ್ನಿಚರಿಗೆ ಮಾತ್ರ ಯಾರೂ ಇರಲಿಲ್ಲ. ಎಲ್ಲರದೂ ಈಗ ಅಪಾರ್ಟ್‌ಮೆಂಟ್. ಆರೂವರೆ ಅಡಿ ಮಂಚ ಲಿಫ್ಟಿನಲ್ಲೇ ಹಿಡಿಯುವುದಿಲ್ಲ. ನಮ್ಮದು ಕೆಲಗೇರಿ ರಸ್ತೆ ಕಡೆ, ಸುತ್ತ ಸ್ವಲ್ಪ ಅಂಗಳ ಇರುವ ಮನೆ. “ನಿಮ್ಮಲ್ಲಿ ಜಾಗ ಅದಲ್ಲ” ಅಂತ ಎಲ್ಲರೂ ಒಂದೇ ಮಾತು ಹೇಳಿದರು. ಸಾಮಾನೆಲ್ಲ ಒಂದು ಟಾಟಾ ಏಸ್‌ನಲ್ಲಿ ಬಂದು ನಮ್ಮ ಬಾಗಿಲಲ್ಲಿ ಇಳಿಯಿತು.

ಒಂದು ದೊಡ್ಡ ಮಂಚ, ಕಬ್ಬಿಣದ ಪೈಪಿನ ಎರಡು ಕುರ್ಚಿ, ಬೆತ್ತದ ಒಂದು ಆರಾಮ ಕುರ್ಚಿ, ಟಿವಿ ಬಂದ ಕಾಲದಲ್ಲಿ ಮಾಡಿಸಿದ ಒಂದು ಶೋಕೇಸು. ಮನೆಯವರು ಮರುದಿನವೇ ಗುಜರಿಯವನನ್ನು ಕರೆಸಿದರು. ಅವನು ಶೋಕೇಸಿನ ಕಡೆ ತಿರುಗಿಯೂ ನೋಡಲಿಲ್ಲ. ಮಂಚದ ಒಂದು ಮೂಲೆ ಎತ್ತಿ, ಇಳಿಸಿ, “ಎಲ್ಲಾ ಕೂಡಿ ಎರಡು ಸಾವಿರ ಕೊಡ್ತೀನ್ರಿ” ಅಂದ. ಅವನು ಎತ್ತಿ ನೋಡಿದ ರೀತಿಗೇ ನನಗೆ ಅನುಮಾನ ಬಂತು. ಈಗ ಬೇಡಪ್ಪಾ ಅಂತ ಕಳಿಸಿಬಿಟ್ಟೆ.

ನಮಗೆ ಅಂಗಳದಲ್ಲಿ ಕೂರಲು ಏನಾದರೂ ಬೇಕಾಗಿತ್ತು. ಅತ್ತೆಯವರಿಗೆ ಸಂಜೆ ಹೊರಗೆ ಕೂರದಿದ್ದರೆ ಆಗುವುದಿಲ್ಲ. ಕಟ್ಟೆ ತಗ್ಗು. ಮೊಳಕಾಲು ನೋವಿನವರು ಅಲ್ಲಿಂದ ಏಳಬೇಕಾದರೆ ಯಾರಾದರೂ ಕೈ ಕೊಡಬೇಕು. ಪ್ಲಾಸ್ಟಿಕ್ ಕುರ್ಚಿ ಎರಡೇ ಬೇಸಿಗೆಯ ಬಿಸಿಲಿಗೆ ಪೆಡಸಾಗಿ ಕಾಲು ಮುರಿದುಕೊಂಡಿತು. ಅಂಗಡಿಯಲ್ಲಿ ಗಾರ್ಡನ್ ಬೆಂಚು ಅಂತ ಕೇಳಿದರೆ ಎರಕದ ಕಬ್ಬಿಣದ್ದು ತೋರಿಸುತ್ತಾರೆ, ಇಲ್ಲ ಸಿಮೆಂಟಿನದ್ದು. ಏಪ್ರಿಲ್ ಮಧ್ಯಾಹ್ನ ಅದರ ಮೇಲೆ ಕೂತರೆ ರೊಟ್ಟಿ ಹಂಚಿನ ಮೇಲೆ ಕೂತ ಹಾಗೆ. ಕಟ್ಟಿಗೆಯೇ ಆಗಬೇಕು ಅನಿಸಿತು.

ಹಳೇ ಮಂಚದಿಂದ ಬೆಂಚು ಮಾಡುವ ವಿಡಿಯೋಗಳು ಬೇಕಾದಷ್ಟಿವೆ. ಅದರಲ್ಲಿ ಮಂಚಕ್ಕೆ ತಿಳಿನೀಲಿ ಬಣ್ಣ ಬಳಿದು, ಮೇಲೊಂದು ಗಾದಿ ಹಾಕಿ, ಪಕ್ಕದಲ್ಲಿ ಹೂವಿನ ಕುಂಡ ಇಟ್ಟರೆ ಮುಗಿಯಿತು. ನೋಡಲು ಚೆಂದ. ಆದರೆ ಧಾರವಾಡದ ಮಳೆ ಆ ವಿಡಿಯೋದಲ್ಲಿ ಇಲ್ಲ. ನಮ್ಮದು ಮಲೆನಾಡಿನ ಅಂಚಿನ ಊರು. ಏಪ್ರಿಲ್, ಮೇನಲ್ಲಿ ಗುಡುಗಿನ ಅಡ್ಡಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಿಟಿಜಿಟಿ. ಅದು ಮುಗಿಯಿತು ಅನ್ನುವಷ್ಟರಲ್ಲಿ ಅಕ್ಟೋಬರಿನ ಹಿಂಗಾರು. ಜುಲೈನಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ಊರಲ್ಲಿ ಮಂಚ ಹೊರಗಿಟ್ಟರೆ ಏನಾಗಬಹುದು ಅಂತ ಯಾರಾದರೂ ಹೇಳಬಲ್ಲರು.

ಆದರೂ ಕಟ್ಟಿಗೆ ಹಾಳಾಗುವುದು ತೊಯ್ದಿದ್ದಕ್ಕಲ್ಲ. ತೊಯ್ದದ್ದು ಒಣಗದೆ ಹಾಗೇ ಉಳಿದರೆ ಹಾಳಾಗುತ್ತದೆ. ಕಟ್ಟಿಗೆಯೊಳಗಿನ ತೇವ ಶೇಕಡಾ 20ರ ಒಳಗಿದ್ದರೆ ಕೊಳೆಸುವ ಶಿಲೀಂಧ್ರ ಬೆಳೆಯುವುದಿಲ್ಲ. ಹಾಗಾಗಿ ನೀರು ಎಲ್ಲಿ ನಿಲ್ಲುತ್ತದೆ ಅಂತ ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು. ಇದು ನನಗೆ ಮನದಟ್ಟಾಗಿದ್ದು ಬಡಿಗೇರ ಕಾಕಾ ಬಂದ ಮೇಲೆ.

ಕಾಕಾ ನಮ್ಮ ಮನೆಯ ಬಾಗಿಲು, ಕಿಟಕಿ ಮಾಡಿದವರು. ಹಳೇ ಧಾರವಾಡದ ಕಡೆ ಅವರ ಶೆಡ್ಡು. ಈಗ ಮಗ ಪ್ಲೈವುಡ್ ಕೆಲಸ ನೋಡಿಕೊಳ್ಳುತ್ತಾನೆ. ಕಾಕಾನಿಗೆ ಅದರಲ್ಲಿ ಮನಸ್ಸಿಲ್ಲ. ಮಂಚ ಅಂದ ಕೂಡಲೇ ಉಳಿ ಹಿಡಿದುಕೊಂಡು ಬಂದರು. ಪಟ್ಟಿಯ ಕೆಳಗೆ, ಹೊರಗೆ ಕಾಣದ ಜಾಗದಲ್ಲಿ, ತೆಳ್ಳಗೆ ಒಂದು ಚಕ್ಕೆ ಎತ್ತಿ ನನ್ನ ಕೈಗೆ ಕೊಟ್ಟರು.

“ಮೂಸಿ ನೋಡ್ರಿ ಅಕ್ಕಾರ.”

ಎಣ್ಣೆಯ ಜೊತೆ ಹಳೇ ಚರ್ಮದ ವಾಸನೆ ಸೇರಿದ ಹಾಗಿತ್ತು. ಒಳಗೆ ಬಂಗಾರದ ಕಂದು ಬಣ್ಣ.

“ಸಾಗವಾನಿ ಐತ್ರಿ. ದಾಂಡೇಲಿ ಕಡೆ ಕಟ್ಟಿಗಿ ಇರಬೇಕು. ಇಂಥಾದ್ದು ಈಗ ಎಲ್ಲಿ ಸಿಗ್ತದ್ರಿ? ಗುಜರಿಗೆ ಹಾಕಿದ್ರ ನಾ ನಿಮ್ಮ ಮನಿಗೆ ಬರೂದ ಬಿಡ್ತಿದ್ದೆ.”

ದಾಂಡೇಲಿ ಕಟ್ಟಿಗೆ ಇರಬಹುದು. ಅಳ್ನಾವರದಿಂದ ದಾಂಡೇಲಿಗೆ ರೈಲು ಹಳಿ ಹಾಕಿದ್ದೇ ಕಾಡಿನ ಕಟ್ಟಿಗೆ ಸಾಗಿಸಲು. ಆ ಕಟ್ಟಿಗೆ ಹುಬ್ಬಳ್ಳಿ, ಧಾರವಾಡದ ಹಳೇ ಮನೆಗಳ ತೊಲೆ, ಬಾಗಿಲು, ಮಂಚ ಆಗಿ ಕೂತಿದೆ. ಸಾಗವಾನಿಯಲ್ಲಿ ತನ್ನದೇ ಎಣ್ಣೆಯಂಥ ಅಂಶ ಇರುವುದರಿಂದ ಗೆದ್ದಲು ಅದನ್ನು ಬೇಗ ಮುಟ್ಟುವುದಿಲ್ಲ. ಆದರೆ ಈ ಗುಣ ಇರುವುದು ಕೆಚ್ಚಿಗೆ, ಅಂದರೆ ಮರದ ನಡುವಿನ ಗಟ್ಟಿ ಭಾಗಕ್ಕೆ ಮಾತ್ರ. ತೊಗಟೆಯ ಪಕ್ಕದ ಬಿಳಿ ಭಾಗ ಸಾಗವಾನಿಯದ್ದಾದರೂ ಹುಳ ತಿನ್ನುತ್ತದೆ. ನಮ್ಮ ಮಂಚದ ತಲೆದಿಕ್ಕಿನ ಹಲಗೆಯಲ್ಲಿ ಎರಡು ಬೆರಳಗಲದ ಬಿಳಿ ಪಟ್ಟಿ ಇತ್ತು. ಸಣ್ಣ ತೂತುಗಳು ಸರಿಯಾಗಿ ಅಲ್ಲೇ ಸಾಲಾಗಿ ಇದ್ದವು. ಪಕ್ಕದ ಕೆಚ್ಚಿನಲ್ಲಿ ಒಂದೂ ಇರಲಿಲ್ಲ. ಕಾಕಾ ಆ ಪಟ್ಟಿಯನ್ನು ಗರಗಸದಿಂದ ಕೊಯ್ದು ತೆಗೆದರು. ಬೋರಾಕ್ಸ್ ನೀರು ಬಳಿದರೆ ಆಗುವುದಿಲ್ಲವೇ ಅಂತ ಕೇಳಿದೆ. ಮನೆಯೊಳಗೆ ಇಡುವ ಸಾಮಾನಿಗಾದರೆ ಆಗುತ್ತದೆ. ಹೊರಗೆ ಇಟ್ಟರೆ ಅದು ಮಳೆ ನೀರಲ್ಲಿ ಕರಗಿ ಹೋಗುತ್ತದೆ.

ಉಳಿದ ಸಾಮಾನಿನ ತೀರ್ಮಾನ ಬೇಗ ಆಯಿತು. ಶೋಕೇಸು ಸಾದಾ ಪ್ಲೈವುಡ್ಡಿನದು. ಪ್ಲೈವುಡ್ಡಿನ ಮೇಲೆ ಐಎಸ್ (ಭಾರತೀಯ ಮಾನಕ) 303 ಅಂತ ಮುದ್ರೆ ಇದ್ದರೆ ಅದು ಸಾಮಾನ್ಯ ಬಳಕೆಯದು. ಐಎಸ್ 710 ಅಂತಿದ್ದರೆ ನೀರು ತಡೆಯುವ ಮರೀನ್ ಪ್ಲೈ. ನಮ್ಮದರ ಹಿಂದೆ ಮುದ್ರೆಯೇ ಇರಲಿಲ್ಲ, ತಳ ಆಗಲೇ ಪದರ ಬಿಟ್ಟಿತ್ತು. ಅದನ್ನು ಹೊರಗಿಟ್ಟಿದ್ದರೆ ಒಂದು ಮಳೆಗಾಲಕ್ಕೆ ಪುಸ್ತಕದ ಹಾಳೆಗಳಾಗಿ ಬಿಚ್ಚಿಕೊಳ್ಳುತ್ತಿತ್ತು. ಗಾಜು ತೆಗೆದಿಟ್ಟುಕೊಂಡು ಉಳಿದದ್ದು ಕೊಟ್ಟುಬಿಟ್ಟೆವು. ಬೆತ್ತದ ಕುರ್ಚಿ ಪಡಸಾಲೆಯಲ್ಲೇ ಇರಲಿ ಅಂದರು ಕಾಕಾ. ಬೆತ್ತಕ್ಕೆ ಬಿಸಿಲೂ ಆಗುವುದಿಲ್ಲ, ಮಳೆಯೂ ಆಗುವುದಿಲ್ಲ.

ಕೆಲಸ ಶುರುವಾದದ್ದು ಸಂಕ್ರಾಂತಿ ಆದ ಮೇಲೆ. ಚಳಿಗಾಲದ ಒಣ ಗಾಳಿಗೆ ಕಟ್ಟಿಗೆ ಚೆನ್ನಾಗಿ ಒಣಗಿರುತ್ತದೆ. ಎಣ್ಣೆ ಹಚ್ಚಿದರೆ ಒಳಗೆ ಇಳಿಯುತ್ತದೆ. ಅಡ್ಡಮಳೆ ಶುರುವಾಗುವ ಮೊದಲು ಎಲ್ಲ ಮುಗಿಯಬೇಕು ಅನ್ನುವುದು ಲೆಕ್ಕ.

ಮೊದಲು ಬಿಚ್ಚುವುದು. ನಾನು ಅಂದುಕೊಂಡದ್ದು ಬೇರೆ. ಅಷ್ಟು ಗಟ್ಟಿಯಾಗಿ ಕೂತಿರುವ ಜೋಡಣೆಗಳನ್ನು ಯಾಕೆ ಬಿಚ್ಚಬೇಕು, ಹಾಗೇ ಕೊಯ್ದು ಜೋಡಿಸಿದರೆ ಸಾಕಲ್ವಾ? ಕಾಕಾ ಒಪ್ಪಲಿಲ್ಲ. ಹಳೇ ಮಂಚಗಳಿಗೆ ಹಾಕುತ್ತಿದ್ದದ್ದು ಸರೇಸು. ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ ಅಂಟು. ಮನೆಯೊಳಗೆ ನೂರು ವರ್ಷ ಇರುತ್ತದೆ. ಬಿಸಿ ನೀರು ತಾಗಿದರೆ ಮೆತ್ತಗಾಗುತ್ತದೆ. ಅಂದರೆ ಮಂಚ ಹೊರಗೆ ಬಂದ ದಿನದಿಂದ ಅದರ ಒಂದೊಂದೇ ಸಂದು ಸಡಿಲಾಗುತ್ತಾ ಹೋಗುತ್ತದೆ. ಹಾಗಾಗಿ ಎಲ್ಲವನ್ನೂ ನಾವೇ ಬಿಚ್ಚಿ, ಹಳೇ ಅಂಟು ಕೆರೆದು, ಹೊಸದು ಹಾಕಬೇಕು.

ಬಿಚ್ಚಲು ಅದೇ ಸರೇಸಿನ ಗುಣ ಉಪಯೋಗಕ್ಕೆ ಬಂತು. ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಸಂದಿಗೆ ಸುತ್ತಿ ಇಡುತ್ತಿದ್ದೆವು. ಆರಿದರೆ ಮತ್ತೊಂದು. ಸ್ವಲ್ಪ ಹೊತ್ತಿಗೆ ಕಂದು ಜಿಡ್ಡು ಹೊರಗೆ ಬರುತ್ತಿತ್ತು, ಜೊತೆಗೆ ಮೂಗು ಮುಚ್ಚಿಕೊಳ್ಳುವಂಥ ವಾಸನೆ. ಆಮೇಲೆ ಸುತ್ತಿಗೆಗೆ ಗೋಣಿಚೀಲದ ತುಂಡು ಕಟ್ಟಿ ಮೆಲ್ಲಗೆ ತಟ್ಟಿದರೆ ಸಂದು ಬಿಡುತ್ತಿತ್ತು. ಒಳಗೆ ಅಡ್ಡಲಾಗಿ ಬಿದಿರಿನ ಮೊಳೆ ಹೊಡೆದಿದ್ದರು. ಒಂದೇ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ಇದನ್ನು ಮಾಡಿದ ಬಡಿಗೇರ ಯಾರೋ ಏನೋ, ನಮ್ಮ ಕಾಕಾ ಅವನ ಕೈಕೆಲಸ ನೋಡಿ ನೋಡಿ ಖುಷಿಪಟ್ಟರು. ಕೂಲಿಯ ಅರ್ಧ ಹೊತ್ತು ಅದರಲ್ಲೇ ಹೋಯಿತು ಅಂತ ನಮ್ಮ ಮನೆಯವರ ಗೊಣಗಾಟ.

ಮಂಚ ಬೆಂಚಾಗುವ ಲೆಕ್ಕ ನಿಜಕ್ಕೂ ಸರಳ. ಮಂಚದ ಅಗಲ 4 ಅಡಿ. ತಲೆದಿಕ್ಕಿನ ಹಲಗೆ ಅದರ ಎರಡು ಕಾಲುಗಳ ಸಮೇತ ಬೆಂಚಿನ ಬೆನ್ನು ಮತ್ತು ಹಿಂದಿನ ಕಾಲು ಆಗುತ್ತದೆ. ಕಾಲ್ದಿಕ್ಕಿನ ಹಲಗೆಯನ್ನು ನಟ್ಟನಡುವೆ ಸೀಳಿದರೆ ಎರಡು ತುಂಡು, ಒಂದೊಂದಕ್ಕೂ ಒಂದು ಕಾಲು. ಅವು ಆಚೀಚೆ ಕೈ ಇಡುವ ಬದಿಗಳು. ಎರಡಡಿ ಇದ್ದದ್ದನ್ನು ಕೊಯ್ದು ಕೂರುವ ಆಳಕ್ಕೆ ತಕ್ಕಂತೆ 19 ಇಂಚು ಮಾಡಿದೆವು. ಉದ್ದದ ಎರಡು ಪಟ್ಟಿಗಳಲ್ಲಿ ಒಂದೊಂದರಿಂದಲೂ 4 ಅಡಿಯ ತುಂಡು ಸಿಕ್ಕಿತು. ಒಂದು ಮುಂದಕ್ಕೆ, ಇನ್ನೊಂದು ಹಿಂದಕ್ಕೆ. ಮಿಕ್ಕ ಎರಡೂವರೆ ಅಡಿಯ ತುಂಡುಗಳು ಕೆಳಗಿನ ಆಸರೆಗೆ. ಮಂಚದ ಎತ್ತರ 18 ಇಂಚು. ಸಾಮಾನ್ಯ ಬೆಂಚು 16, 17 ಇಂಚು ಇರುತ್ತದೆ. ಕಾಕಾ ಕಾಲು ಕೊಯ್ಯಲು ಹೊರಟಾಗ ನಾನು ಬೇಡ ಅಂದೆ. ಮೊಳಕಾಲು ನೋವಿನವರಿಗೆ ಎತ್ತರದ ಆಸನದಿಂದ ಏಳುವುದು ಸುಲಭ.

ತೊಡಕು ಬಂದದ್ದು ಕೂರುವ ಪಟ್ಟಿಗಳಲ್ಲಿ. ಗಾದಿಯ ಕೆಳಗಿದ್ದ ಅಡ್ಡಪಟ್ಟಿಗಳು ಸಾಗವಾನಿ ಅಲ್ಲ, ಯಾವುದೋ ಕಾಡು ಕಟ್ಟಿಗೆ. ಗಾದಿಯ ಕೆಳಗೆ ಯಾರು ನೋಡುತ್ತಾರೆ ಅಂತ ಆಗಲೂ ಲೆಕ್ಕ ಹಾಕುತ್ತಿದ್ದರು ಅಂತಾಯಿತು. ತಟ್ಟಿದರೆ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಅವನ್ನು ಒಲೆಗೆ ಹಾಕಿ, ಹುಬ್ಬಳ್ಳಿಯಲ್ಲಿ ಹಳೇ ಮನೆ ಕೆಡವಿದ ಕಟ್ಟಿಗೆ ಮಾರುವವರ ಹತ್ತಿರ ಸಾಗವಾನಿ ಚೌಕಟ್ಟಿನ ತುಂಡುಗಳನ್ನು ತಂದೆವು. ಇಂಥ ಕಟ್ಟಿಗೆ ತರುವವರು ಜೊತೆಗೆ ಒಂದು ಅಯಸ್ಕಾಂತ ಇಟ್ಟುಕೊಳ್ಳಿ. ಬಣ್ಣದ ಕೆಳಗೆ ತಲೆ ಮುರಿದ ಮೊಳೆಗಳು ಅಡಗಿರುತ್ತವೆ. ಅಯಸ್ಕಾಂತ ಸರಿಸುತ್ತಾ ಹೋದರೆ ಎಳೆದು ಹೇಳುತ್ತದೆ. ಇಲ್ಲದಿದ್ದರೆ ರಂದಾದ ಅಲಗು ಹೇಳುತ್ತದೆ, ಆಮೇಲೆ ಕಾಕಾನ ಬಾಯಿಂದ ನೀವು ಕೇಳಬೇಕಾಗುತ್ತದೆ.

ಅದೇ ಅಯಸ್ಕಾಂತ ಸ್ಕ್ರೂ ವಿಷಯದಲ್ಲೂ ಕೆಲಸಕ್ಕೆ ಬಂತು. ಹೊರಗಿಡುವ ಕಟ್ಟಿಗೆಗೆ ಕಬ್ಬಿಣದ ಸ್ಕ್ರೂ ಹಾಕಿದರೆ ತುಕ್ಕು ಹಿಡಿಯುವುದಷ್ಟೇ ಅಲ್ಲ, ಕಟ್ಟಿಗೆಯಲ್ಲಿರುವ ಟ್ಯಾನಿನ್ ಅನ್ನುವ ಒಗರು ಅಂಶದ ಜೊತೆ ಸೇರಿ ಸುತ್ತ ಕಪ್ಪು ಕಲೆ ಮಾಡುತ್ತದೆ. ಅದಕ್ಕೆ ಹಿತ್ತಾಳೆ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಬೇಕು. ಒಂದು ಹಾರ್ಡ್‌ವೇರ್ ಅಂಗಡಿಯಲ್ಲಿ “ಪಕ್ಕಾ ಹಿತ್ತಾಳಿ ರೀ” ಅಂತ ಕೊಟ್ಟ ಪೊಟ್ಟಣದ ಸ್ಕ್ರೂಗಳೆಲ್ಲ ಮನೆಗೆ ಬಂದ ಮೇಲೆ ಅಯಸ್ಕಾಂತಕ್ಕೆ ಜೋತುಬಿದ್ದವು. ಕಬ್ಬಿಣಕ್ಕೆ ಹಿತ್ತಾಳೆಯ ಲೇಪ, ಅಷ್ಟೇ. ಮರಳಿ ಕೊಡಲು ಹೋದರೆ ಬಿಲ್ಲು ಇಲ್ಲ ಅಂದರು. ನಿಜವಾದ ಹಿತ್ತಾಳೆ ಅಯಸ್ಕಾಂತಕ್ಕೆ ಅಂಟುವುದಿಲ್ಲ.

ನಿಜವಾದ ಹಿತ್ತಾಳೆಗೆ ಇನ್ನೊಂದು ತೊಂದರೆ ಇದೆ. ಅದು ಮೆತ್ತಗೆ. ಸಾಗವಾನಿಯಲ್ಲಿ ಜೋರಾಗಿ ತಿರುಗಿಸಿದರೆ ತಲೆ ಕಿತ್ತು ಬರುತ್ತದೆ. ಅದಕ್ಕೆ ಕಾಕಾನ ಉಪಾಯ ನನಗೆ ಬಹಳ ಹಿಡಿಸಿತು. ಮೊದಲು ಡ್ರಿಲ್ಲಿನಲ್ಲಿ ಸಣ್ಣ ತೂತು. ಅದಕ್ಕೆ ಅದೇ ಅಳತೆಯ ಕಬ್ಬಿಣದ ಸ್ಕ್ರೂ ಹಾಕಿ ಪೂರ್ತಿ ತಿರುಗಿಸಿ ಹೊರಗೆ ತೆಗೆಯುವುದು. ಹೀಗೆ ಮಾಡಿದಾಗ ಕಟ್ಟಿಗೆಯೊಳಗೆ ದಾರಿ ಬೀಳುತ್ತದೆ. ಆಮೇಲೆ ಹಿತ್ತಾಳೆ ಸ್ಕ್ರೂಗೆ ಮೇಣ ಸವರಿ ಕೈಯಿಂದಲೇ ಕೂಡಿಸುವುದು. ಅಂಗಡಿಯವನ ಸುಳ್ಳು ಹಿತ್ತಾಳೆ ಸ್ಕ್ರೂಗಳು ಹೀಗೆ ದಾರಿ ಕೊರೆಯುವ ಕೆಲಸಕ್ಕೆ ಸರಿಹೋದವು.

ಇನ್ನು ನೀರಿನ ಮಾತು. ತಲೆದಿಕ್ಕಿನ ಹಲಗೆ ನೆಟ್ಟಗೆ ನಿಂತಿರುತ್ತದೆ. ಅದನ್ನೇ ಬೆನ್ನಿಗೆ ಇಟ್ಟರೆ ಶಾಲೆಯ ಬೆಂಚಿನಲ್ಲಿ ಶಿಕ್ಷೆಗೆ ಕೂತಂತಾಗುತ್ತದೆ. ಸ್ವಲ್ಪ ಹಿಂದಕ್ಕೆ ವಾಲಬೇಕು. ಕಾಕಾ ಹಿಂದಿನ ಕಾಲುಗಳನ್ನು ಒಂದು ಇಂಚು ಗಿಡ್ಡ ಮಾಡಿದರು. ಇಡೀ ಬೆಂಚು ಒಟ್ಟಿಗೇ ಹಿಂದಕ್ಕೆ ವಾಲಿತು. ಬೆನ್ನಿಗೆ ಆರಾಮಾಯಿತು. ಆದರೆ ಕೂರುವ ಪಟ್ಟಿಗಳೂ ಹಿಂದಕ್ಕೆ ವಾಲಿದವು. ಮಳೆ ಬಿದ್ದರೆ ನೀರೆಲ್ಲ ಬೆನ್ನಿನ ಹಲಗೆಯ ಬುಡಕ್ಕೆ ಹರಿಯುತ್ತದೆ. ಅಲ್ಲಿ ಎರಡು ಕಟ್ಟಿಗೆ ಕೂಡುವ ಸಂದು. ಮೈಗೆ ಆರಾಮ ಬೇಕೆಂದರೆ ಇಳಿಜಾರು ಹಿಂದಕ್ಕೆ, ಕಟ್ಟಿಗೆ ಉಳಿಯಬೇಕೆಂದರೆ ಮುಂದಕ್ಕೆ. ಇದರ ಮೇಲೆ ಚಹಾ ಕುಡಿಯುತ್ತಾ ಬಹಳ ಹೊತ್ತು ಚರ್ಚೆ ಆಯಿತು. ಕೊನೆಗೆ ಪರಿಹಾರ ಸುಲಭದ್ದೇ. ಕೊನೆಯ ಪಟ್ಟಿಗೂ ಬೆನ್ನಿನ ಹಲಗೆಗೂ ನಡುವೆ ಬೆರಳು ಹೋಗುವಷ್ಟು ಜಾಗ ಬಿಟ್ಟೆವು. ಉಳಿದ ಪಟ್ಟಿಗಳ ನಡುವೆ 6 ಮಿಲಿಮೀಟರ್. ನೀರು ಎಲ್ಲಿಗೆ ಹರಿದರೂ ಕೆಳಗೆ ಬೀಳಬೇಕು. ಪಟ್ಟಿಯ ಮೇಲಿನ ಅಂಚುಗಳನ್ನು ಗುಂಡಗೆ ಮಾಡಿದರು. ಚೂಪು ಅಂಚಿನಲ್ಲಿ ಎಣ್ಣೆಯೂ ನಿಲ್ಲುವುದಿಲ್ಲ, ಬಣ್ಣವೂ ನಿಲ್ಲುವುದಿಲ್ಲ.

ನಾನು ಊಹಿಸದೇ ಇದ್ದ ಇನ್ನೊಂದು ಜಾಗ ಇತ್ತು. ಕೈ ಇಡುವ ಬದಿಗಳಲ್ಲಿ ತೆಳು ಹಲಗೆಯೊಂದು ಚೌಕಟ್ಟಿನ ಸಂದಿನಲ್ಲಿ ಕೂತಿದೆ. ಅದರ ಕೆಳಗಿನ ಸಂದು ಮೇಲ್ಮುಖ. ಮಳೆ ನೀರು ಹಲಗೆಯ ಮೈಮೇಲೆ ಇಳಿದು ಅಲ್ಲಿ ತುಂಬಿಕೊಳ್ಳುತ್ತದೆ, ಹೊರಗೆ ಹೋಗಲು ದಾರಿಯೇ ಇಲ್ಲ. ಕಾಕಾ ಕೆಳಗಿನಿಂದ ಮೂರು ತೂತು ಕೊರೆದರು. “ಇವು ಉಸರಾಡೂ ತೂತ್ರಿ” ಅಂದರು. ಕೂಡಿಸುವಾಗ ನೀರು ತಡೆಯುವ ಅಂಟು ಹಾಕಿ, ಮತ್ತೆ ಬಿದಿರಿನ ಮೊಳೆಯನ್ನೇ ಹೊಡೆದರು. ಸಾದಾ ಬಿಳಿ ಅಂಟು ಮನೆಯೊಳಗಿನ ಕೆಲಸಕ್ಕೆ ಮಾತ್ರ.

ಮೈ ತಿಕ್ಕುವ ಕೆಲಸ ನನ್ನದು. ಹಳೇ ಪಾಲೀಶ್ ಯಾವುದು ಅಂತ ತಿಳಿಯಲು ಹತ್ತಿಗೆ ಸ್ಪಿರಿಟ್ ಹಾಕಿ ಒರೆಸಿ ನೋಡಬೇಕು. ಜಿಗುಟಾಗಿ ಕರಗಿ ಬಂದರೆ ಅದು ಅರಗಿನ ಪಾಲೀಶ್, ಬಡಿಗೇರರು ಫ್ರೆಂಚ್ ಪಾಲೀಶ್ ಅನ್ನುವುದು. ನೀರು ಬಿದ್ದರೆ ಬೆಳ್ಳಗಾಗುತ್ತದೆ. ಹೊರಗೆ ಅದು ನಡೆಯುವುದಿಲ್ಲ, ಪೂರ್ತಿ ತೆಗೆಯಬೇಕು. ಕಾಕಾ ಒಡೆದ ಗಾಜಿನ ಚೂರು ಕೊಟ್ಟರು. ಅದರ ಅಂಚಿನಿಂದ ಕೆರೆದರೆ ಪಾಲೀಶ್ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ. ಯಾವ ಮಷಿನ್ನೂ ಇಷ್ಟು ಚೆಂದ ತೆಗೆಯುವುದಿಲ್ಲ. ಕೈಗವಸು ಮಾತ್ರ ಮರೆಯಬಾರದು. ಆಮೇಲೆ 80 ನಂಬರಿನ ಪಾಲೀಶ್ ಪೇಪರ್, ನಂತರ 120, ಕೊನೆಗೆ 180. ಅದಕ್ಕಿಂತ ನುಣುಪು ಮಾಡಿದರೆ ಎಣ್ಣೆ ಒಳಗೆ ಇಳಿಯುವುದಿಲ್ಲ.

ಏನು ಹಚ್ಚಬೇಕು ಅನ್ನುವುದಕ್ಕೆ ಓಣಿಯವರೆಲ್ಲರ ಹತ್ತಿರ ಉತ್ತರ ಇತ್ತು. ಮೂಲೆ ಮನೆಯವರು ಗಾಡಿಯ ಸುಟ್ಟ ಆಯಿಲ್ ಅಂದರು. ಬೇಲಿ ಕಂಬಕ್ಕೆ ಹಚ್ಚುತ್ತಾರೆ ನಿಜ, ಆದರೆ ಕೂತವರ ಬಟ್ಟೆ ಏನಾಗಬೇಕು? ಮೈಗೂ ಒಳ್ಳೆಯದಲ್ಲ. ಕಾಕಾನ ಮನಸ್ಸು ಗೇರೆಣ್ಣೆಯ ಕಡೆ ಇತ್ತು. ಕಾರವಾರದ ಕಡೆ ದೋಣಿಗೆ, ಜಂತಿಗೆ ಹಚ್ಚುವುದು. ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ ಕಟ್ಟಿಗೆಗೆ ಬಹಳ ಒಳ್ಳೆಯದು. ಆದರೆ ಹಸಿ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಮೇಲಾಗಿ ಕಟ್ಟಿಗೆ ಕರ್‍ರಗಾಗುತ್ತದೆ. ಪಾಲಿಯುರೆಥೇನ್ ಹೊಡೆಸಿ, ಗಾಜಿನ ಹಾಗೆ ಹೊಳೆಯುತ್ತದೆ ಅಂದವರೂ ಇದ್ದರು. ಹೊಳೆಯುತ್ತದೆ. ಆದರೆ ಅದು ಮೇಲೆ ಕೂರುವ ಪೊರೆ. ಬಿಸಿಲಿಗೆ ಎಲ್ಲೋ ಒಂದು ಕಡೆ ಬಿರುಕು ಬಿಟ್ಟರೆ ನೀರು ಕೆಳಗೆ ಸೇರಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಿಪೇರಿ ಅಂದರೆ ಪೂರ್ತಿ ಕೆರೆದು ಮತ್ತೆ ಮೊದಲಿಂದ. ನನಗೆ ಇನ್ನೊಮ್ಮೆ ಗಾಜಿನ ಚೂರು ಹಿಡಿಯುವ ಆಸೆ ಇರಲಿಲ್ಲ.

ನಾನು ಆರಿಸಿದ್ದು ಅಗಸೆ ಎಣ್ಣೆ. ನಾವು ಚಟ್ನಿಪುಡಿ ಮಾಡುವ ಅದೇ ಅಗಸಿಯ ಎಣ್ಣೆ. ಬಣ್ಣದ ಅಂಗಡಿಯಲ್ಲಿ ‘ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಆಯಿಲ್’ ಅಂತ ಕೇಳಬೇಕು. ಹಸಿ ಎಣ್ಣೆ ಒಣಗಲು ದಿನಗಟ್ಟಲೆ ಬೇಕು. ಮೊದಲ ಸಲ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು, ಕುಡಿಯದೆ ಉಳಿದದ್ದನ್ನು ಒರೆಸಿ ತೆಗೆಯಬೇಕು. ಒರೆಸದಿದ್ದರೆ ಮೇಲೆ ಅಂಟಂಟಾಗಿ ಉಳಿಯುತ್ತದೆ. ಚೆನ್ನಾಗಿ ಒಣಗಿದ ಮೇಲೆ ಮತ್ತೊಂದು ಸಲ, ಮಗದೊಂದು ಸಲ. ಮೊದಲ ಕೈಗೇ ಸಾಗವಾನಿಯ ಗೆರೆಗಳು ಎದ್ದು ಕಂಡವು. ಅತ್ತೆಯವರು ಹೊರಗೆ ಬಂದು ಮೂಗು ಎಳೆದು, “ಏನವಾ, ಬೆಂಚಿಗೆ ಚಟ್ನಿ ಹಚ್ಚೀಯೇನು?” ಅಂದರು.

ಇಲ್ಲಿ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಗಾಳಿಯ ಜೊತೆ ಸೇರಿ ಒಣಗುವಾಗ ಬಿಸಿಯಾಗುತ್ತದೆ. ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗಲಾರದೆ ತಾನೇ ಬೆಂಕಿ ಹತ್ತಿಕೊಳ್ಳಬಹುದು. ನಾನು ಒಂದೊಂದೇ ಬಟ್ಟೆಯನ್ನು ಬಿಡಿಸಿ ಬೇಲಿಯ ಮೇಲೆ ಹರವಿ ಒಣಗಿಸಿ, ಆಮೇಲೆ ಎಸೆದೆ.

ಕಬ್ಬಿಣದ ಕುರ್ಚಿಗಳ ಕತೆ ಸಣ್ಣದು. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಮನೆ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದು ಅನ್ನುವ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣದಾಗಿ ತಿಕ್ಕಿ ಧೂಳು ಎಬ್ಬಿಸುವುದು ಸರಿಯಲ್ಲ. ಕೆಳಗೆ ಪೇಪರ್ ಹಾಸಿ, ಮೂಗಿಗೆ ಎನ್95 ಮಾಸ್ಕ್ ಕಟ್ಟಿ, ನೀರು ಚಿಮುಕಿಸುತ್ತಾ ತಿಕ್ಕಿ, ಬಂದ ರಾಡಿಯನ್ನು ಪೇಪರ್ ಸಮೇತ ಸುತ್ತಿ ತೆಗೆದೆವು. ಮೊಮ್ಮಕ್ಕಳನ್ನು ಆ ಕಡೆ ಬಿಡಲಿಲ್ಲ. ಪೂರ್ತಿ ಒಣಗಿದ ಮೇಲೆ ರೆಡ್ ಆಕ್ಸೈಡ್ ಪ್ರೈಮರ್, ಅದರ ಮೇಲೆ ಎರಡು ಕೈ ಎನಾಮೆಲ್. ಪೈಪಿನ ಕಾಲುಗಳ ತಗ್ಗಿನ ಬಾಗಿಗೆ ಒಂದೊಂದು ಸಣ್ಣ ತೂತು. ಪೈಪಿನೊಳಗೆ ಸೇರಿದ ನೀರು ಅಲ್ಲೇ ನಿಂತು ಒಳಗಿನಿಂದ ತುಕ್ಕು ತಿನ್ನುತ್ತದೆ, ಹೊರಗೆ ಎಷ್ಟು ಬಣ್ಣ ಹೊಡೆದರೂ ಗೊತ್ತಾಗುವುದಿಲ್ಲ. ಕೂರಲು ನೈಲಾನ್ ನವಾರ ಹೆಣೆಸಿದೆವು. ಅಷ್ಟೇ.

ಬೆಂಚು ಎಲ್ಲಿಡಬೇಕು ಅನ್ನುವುದು ಮಾತ್ರ ಮನೆಯಲ್ಲಿ ದೊಡ್ಡ ವಾದ. ಎಲ್ಲರ ಆಸೆ ಮಾವಿನ ಗಿಡದ ನೆರಳು. ನಾನು ಒಪ್ಪಲಿಲ್ಲ. ಮಾವು ಹೂ ಬಿಟ್ಟಾಗ ಜಿಗಿಹುಳ ಬೀಳುತ್ತದೆ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಎಲೆ ಕಪ್ಪಾಗುವ ಹಾಗೆ ಬೆಂಚೂ ಕಪ್ಪಾಗುತ್ತದೆ. ಪೇರಲ ಗಿಡದ ಕೆಳಗೆ ಅಂದರೆ ಗಿಳಿ, ಬಾವಲಿ, ಹಣ್ಣಿನ ರಸ. ಕೊನೆಗೆ ಮನೆಯ ಮೂಡಣ ಗೋಡೆಯಿಂದ ಎರಡಡಿ ಈಚೆಗೆ ಇಟ್ಟೆವು. ಬೆಳಗಿನ ಬಿಸಿಲು ಬಿದ್ದು ರಾತ್ರಿಯ ತೇವ ಒಣಗುತ್ತದೆ. ಮಧ್ಯಾಹ್ನದ ನಂತರ ಮನೆಯದೇ ನೆರಳು. ಅತ್ತೆಯವರು ಕೂರುವುದು ಸಂಜೆಯೇ ತಾನೆ.

ಕಾಲಿನ ಬುಡ ಇಡೀ ಬೆಂಚಿನ ಅತಿ ಸೂಕ್ಷ್ಮ ಜಾಗ. ಕಟ್ಟಿಗೆಯ ಮೈಗಿಂತ ಅದರ ಕೊಯ್ದ ತುದಿ ನೀರನ್ನು ಬಹಳ ಬೇಗ ಹೀರುತ್ತದೆ, ಗಿಡ ಬೇರಿನಿಂದ ನೀರು ಎಳೆದದ್ದೂ ಅದೇ ನಾಳಗಳಲ್ಲೇ ಅಲ್ವಾ. ಬೆಂಚನ್ನು ಬೋರಲು ಹಾಕಿ ನಾಲ್ಕೂ ತುದಿಗಳಿಗೆ ಅರಾಲ್ಡೈಟ್ ಅಂಟು ಸವರಿ ಮುಚ್ಚಿದೆವು. ಕೆಳಗೆ ಶಹಾಬಾದ್ ಕಲ್ಲಿನ ತುಂಡು, ಅದರ ಕೆಳಗೆ ಜಲ್ಲಿ. ಕೋಲಿಗೆ ಹಾಕುವಂಥ ರಬ್ಬರ್ ಟೊಪ್ಪಿ ಹಾಕಿ ಅಂತ ಮನೆಯವರ ಸಲಹೆ. ಅದರೊಳಗೆ ನೀರು ಇಳಿದರೆ ಕಾಲು ದಿನವಿಡೀ ಬಟ್ಟಲಲ್ಲಿ ನಿಂತಂತೆ. ಬೇಡ ಅಂದೆ. ಕಲ್ಲಿನಿಂದ ಇನ್ನೊಂದು ಉಪಯೋಗ. ಗೆದ್ದಲು ನೆಲದಿಂದ ಮಣ್ಣಿನ ದಾರಿ ಕಟ್ಟಿಕೊಂಡೇ ಮೇಲೆ ಬರಬೇಕು. ಕಲ್ಲು ಅದನ್ನು ತಡೆಯುವುದಿಲ್ಲ, ಆದರೆ ಕಲ್ಲಿನ ಮೇಲೆ ಆ ದಾರಿ ಕಣ್ಣಿಗೆ ಬೀಳುತ್ತದೆ. ಕಸ ಗುಡಿಸುವಾಗ ಬಗ್ಗಿ ನೋಡಿದರೆ ಸಾಕು.

ಒಂದು ಮಳೆಗಾಲ ಕಳೆಯಿತು. ಸಂದುಗಳು ಗಟ್ಟಿ ಇವೆ. ಬಣ್ಣ ಮೊದಲಿನ ಹಾಗಿಲ್ಲ. ಮೇಲ್ಗಡೆ ಬೂದು ಬಣ್ಣಕ್ಕೆ ತಿರುಗಿದೆ. ಬಿಸಿಲಿಗೆ ಸಾಗವಾನಿ ಹಾಗಾಗುವುದೇ, ಅದರಿಂದ ಕಟ್ಟಿಗೆಯ ಗಟ್ಟಿತನಕ್ಕೆ ಏನೂ ಆಗುವುದಿಲ್ಲ. ಕೈ ಇಡುವ ಜಾಗದಲ್ಲಿ ಆಗಸ್ಟಿನಲ್ಲಿ ಕಪ್ಪು ಚುಕ್ಕೆ ಎದ್ದವು. ಅಗಸೆ ಎಣ್ಣೆಯ ದೋಷ ಅದು, ಒದ್ದೆ ಗಾಳಿಯಲ್ಲಿ ಬೂಷ್ಟಿಗೆ ಅದೇ ಊಟ. ಸೋಪಿನ ನೀರು, ಬ್ರಷ್ಷು ಹಿಡಿದು ತಿಕ್ಕಿದರೆ ಹೋಗುತ್ತದೆ, ಪೂರ್ತಿ ಹೋಗುವುದಿಲ್ಲ. ಹೊಳೆಯುವ ಬೆಂಚು ಬೇಕೆನ್ನುವವರಿಗೆ ಇದು ಹಿಡಿಸಲಿಕ್ಕಿಲ್ಲ. ಪಟ್ಟಿಗಳ ಸಂದಿನಲ್ಲಿ ಎಲೆ, ಮಣ್ಣು ಸಿಕ್ಕಿ ನೀರು ಹಿಡಿಯುತ್ತದೆ. ಹಳೇ ಹಾಕ್ಸಾ ಬ್ಲೇಡಿನಿಂದ ಕೆದಕಿ ತೆಗೆಯುತ್ತೇನೆ. ದಸರೆ ಕಳೆದು ಗಾಳಿ ಒಣಗಿದ ಮೇಲೆ ಒಂದು ಕೈ ಎಣ್ಣೆ ಹಚ್ಚಿದೆ, ಅರ್ಧ ದಿನದ ಕೆಲಸ.

ಗಾದಿಯ ಬದಲು ಅತ್ತೆಯವರ ಹಳೇ ಕೌದಿ ಮಡಚಿ ಹಾಕುತ್ತೇವೆ. ಹಳೇ ಸೀರೆಗಳ ಪದರ, ಹತ್ತಿ ದಾರ, ಮೆತ್ತಗಿದೆ. ಏಳುವಾಗ ಒಳಗೆ ತರಬೇಕು. ನವಲಗುಂದದ ಜಮಖಾನ ಹಾಸೋಣ ಅಂತ ನಾದಿನಿ ಹೇಳಿದಳು. ಅಂಥದ್ದನ್ನು ಅಂಗಳದ ಧೂಳಿಗೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಖರ್ಚಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಾಕಾನ ಕೂಲಿ, ಹುಬ್ಬಳ್ಳಿಯ ಕಟ್ಟಿಗೆ, ಸ್ಕ್ರೂ, ಎಣ್ಣೆ, ಕಲ್ಲು ಎಲ್ಲ ಕೂಡಿದರೆ ಒಂದು ಸಿಮೆಂಟ್ ಬೆಂಚಿಗಿಂತ ಜಾಸ್ತಿಯೇ ಆಯಿತು. ದುಡ್ಡು ಉಳಿಸಲು ಅಂತ ಈ ಕೆಲಸಕ್ಕೆ ಕೈ ಹಾಕುವವರಿಗೆ ನಾನು ಬೇಡ ಅಂತಲೇ ಹೇಳುತ್ತೇನೆ. ಒಳ್ಳೆಯ ಕಟ್ಟಿಗೆ ಕೈಯಲ್ಲಿದ್ದು, ಅದನ್ನು ಬಿಡಲು ಮನಸ್ಸಿಲ್ಲದವರ ಕೆಲಸ ಇದು.

ಈಗ ಗದಗಿನ ತಂಗಿಗೂ ಆಸೆ ಹುಟ್ಟಿದೆ. ಅವಳ ಮನೆಯಲ್ಲಿ ತೂಗುಮಂಚದ ದಪ್ಪ ಹಲಗೆ ಅಟ್ಟದ ಮೇಲಿದೆ. ಅಲ್ಲಿ ಲೆಕ್ಕವೇ ಬೇರೆ. ಮಳೆ ಕಡಿಮೆ, ಬಿಸಿಲು ಜಾಸ್ತಿ, ಕಟ್ಟಿಗೆ ಕೊಳೆಯುವುದಕ್ಕಿಂತ ಸೀಳುವ ಭಯ ಹೆಚ್ಚು. ಅದಕ್ಕಿಂತ ದೊಡ್ಡ ತೊಂದರೆ ನೆಲದ್ದು. ಅವಳ ಹಿತ್ತಿಲು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುತ್ತದೆ. ಇವತ್ತು ಮಟ್ಟಸವಾಗಿಟ್ಟ ಬೆಂಚು ವರ್ಷದಲ್ಲಿ ಒಂದು ಕಾಲು ಎತ್ತಿ ನಿಲ್ಲುತ್ತದೆ. ಒಂದಡಿ ಎರೆ ತೆಗೆದು ಗರಸು ತುಂಬಿ ಬಡಿದು, ಅದರ ಮೇಲೆ ಎರಡು ಅಗಲದ ಕಲ್ಲು ಸುಮ್ನೆ ಇಟ್ಟು, ಸಿಮೆಂಟ್ ಹಾಕದೆ, ಹಲಗೆಯನ್ನು ಅದರ ಮೇಲೆ ಕೂಡಿಸೋಣ ಅನ್ನುವುದು ಕಾಕಾನ ಯೋಚನೆ. ಹಲಗೆಯ ನಾಲ್ಕು ಮೂಲೆಯ ಹಿತ್ತಾಳೆ ಬಳೆಗಳದ್ದು ಇನ್ನೂ ಬಗೆಹರಿದಿಲ್ಲ. ತೆಗೆದರೆ ಆ ತೂತುಗಳಲ್ಲಿ ನೀರು ಇಳಿಯುತ್ತದೆ, ಬಿಟ್ಟರೆ ಕೂತವರಿಗೆ ಚುಚ್ಚುತ್ತದೆ. ಸಂಕ್ರಾಂತಿ ಮುಗಿಸಿಕೊಂಡು ಗದಗಿಗೆ ಬಂದು ಹಲಗೆ ನೋಡುತ್ತೇನೆ ಅಂದಿದ್ದಾರೆ. ಆ ಅಯಸ್ಕಾಂತ ತರಲು ಹೇಳಿದ್ದಾರೆ, ಬಳೆಗಳು ನಿಜವಾದ ಹಿತ್ತಾಳೆಯೋ ಅಲ್ಲವೋ ಅಂತ ಅವರಿಗೆ ಅನುಮಾನ.